ಬೀಜದಿಂದಲೋ, ಕಡ್ಡಿಯಿಂದಲೋ? ಮರೋಳದ ಹೊಲದಲ್ಲಿ ಕಲಿತ ಪಾಠ

ನೀರು ನೋಡಲು ಹೋದವರು ಬೀಜದ ಪಾಠ ಕಲಿತು ಬಂದೆವು. ನಡೆದದ್ದು ಹೀಗೆ. ಅರೇಬಿಕಾ ಕೊಯ್ಲು ಮುಗಿದು ರೋಬಸ್ಟಾಕ್ಕೆ ಕೈಹಚ್ಚುವ ನಡುವೆ ನಾಲ್ಕು ದಿನ ಬಿಡುವು ಸಿಕ್ಕಿತು. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ನಾವು ಆರೇಳು ಮಂದಿ ಬೆಳೆಗಾರರು ಸೇರಿ ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ಮರೋಳದ ಕಡೆಗೆ ಹೊರಟೆವು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ ಸುಮಾರು 24 ಸಾವಿರ ಹೆಕ್ಟೇರು ಭೂಮಿಗೆ ಹನಿ ನೀರಾವರಿ ಒದಗಿಸಲು ಕೈಗೊಂಡ ರಾಮಥಾಳ-ಮರೋಳ ಯೋಜನೆಯ ಹೆಸರನ್ನು ಪತ್ರಿಕೆಗಳಲ್ಲಿ ಓದಿದ್ದೆವು. ಬೇಸಿಗೆಯಲ್ಲಿ ಅಡಿಕೆಗೆ ನೀರು ಸಾಲದೆ ಒದ್ದಾಡುವ ನಮಗೆ ಅದನ್ನು ಕಣ್ಣಾರೆ ಕಾಣುವ ಆಸೆಯಿತ್ತು.

ನೀರಿನ ಸಂಗತಿಯನ್ನು ಬೇರೊಂದು ಸಂಚಿಕೆಗೆ ಇಟ್ಟುಕೊಳ್ಳುತ್ತೇವೆ. ಈ ಲೇಖನ ಬರೆಯಲು ಕಾರಣವಾದದ್ದು ಆ ಎರೆಭೂಮಿಯಲ್ಲಿ ನಾವು ಕಂಡ ಮೂರು ಬೆಳೆಗಳು: ಜೋಳ, ಸೂರ್ಯಕಾಂತಿ ಮತ್ತು ದಾಳಿಂಬೆ. ಮಲೆನಾಡಿನ ಕಾಫಿ-ಅಡಿಕೆಗೂ ಬಯಲುಸೀಮೆಯ ಈ ಬೆಳೆಗಳಿಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ಸಂತಾನ ಬೆಳೆಸುವ ಕ್ರಮವನ್ನು ನೋಡಿದರೆ ಅಲ್ಲಿನ ಒಂದೊಂದು ಬೆಳೆಗೂ ನಮ್ಮ ತೋಟದಲ್ಲಿ ಒಬ್ಬೊಬ್ಬ ನೆಂಟನಿದ್ದಾನೆ.

ಮೊದಲು ನಮ್ಮ ತಪ್ಪು

ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ಒಳ್ಳೆಯದು. ಕೆಲವು ವರ್ಷಗಳ ಕೆಳಗೆ ನಮ್ಮ ನೆರೆಯ ತೋಟವೊಂದರಲ್ಲಿ ಗಿಡ್ಡ ಸಂಕರ ಅಡಿಕೆ ಮರಗಳು ಚೆನ್ನಾಗಿ ಕೊನೆ ಬಿಟ್ಟಿದ್ದವು. ಮರ ಹತ್ತುವವರು ಸಿಕ್ಕದ ಈ ಕಾಲದಲ್ಲಿ ನೆಲದ ಮೇಲೆ ನಿಂತೇ ಕೊನೆ ಕೊಯ್ಯಬಹುದಾದ ಮರವೆಂದರೆ ಯಾರಿಗೆ ಆಸೆಯಾಗದು? ತೋಟದವರು ಉದಾರಿಗಳು, ಹಣ್ಣಡಿಕೆ ಬೇಕಾದಷ್ಟು ಒಯ್ಯಿರಿ ಎಂದರು. ಪುಕ್ಕಟೆ ಬೀಜ ಸಿಕ್ಕಿತೆಂದು ಹಿಗ್ಗಿ, ಪಾತಿ ಮಾಡಿ, ಇನ್ನೂರು ಸಸಿ ಎಬ್ಬಿಸಿ ನೆಟ್ಟೆವು. ಗೊಬ್ಬರ, ನೀರು, ನೆರಳು ಯಾವುದಕ್ಕೂ ಕಡಿಮೆ ಮಾಡಲಿಲ್ಲ.

ಐದನೆಯ ವರ್ಷದ ಹೊತ್ತಿಗೆ ತೋಟ ನೋಡಿದರೆ ಸಂತೆಯ ಜನರ ಹಾಗೆ ಒಂದರಂತೆ ಒಂದಿಲ್ಲ. ಕೆಲವು ಗಿಡ್ಡ, ಕೆಲವು ಎತ್ತರ. ಒಂದು ಮರ ಬೇಗ ಸಿಂಗಾರ ಬಿಚ್ಚಿದರೆ ಇನ್ನೊಂದಕ್ಕೆ ಅದರ ಸುಳಿವೇ ಇಲ್ಲ. ಕಾಯಿ ಕಚ್ಚಿದ ಮರಗಳಲ್ಲೂ ಒಂದರ ಅಡಿಕೆ ದಪ್ಪ, ಮತ್ತೊಂದರದು ಗೋಲಿಯಷ್ಟು. ನರ್ಸರಿಯವರ ಮೇಲಾಗಲಿ ಗೊಬ್ಬರದ ಮೇಲಾಗಲಿ ದೂರು ಹೇಳಲು ದಾರಿಯಿರಲಿಲ್ಲ. ಬೀಜವನ್ನು ಆಯ್ದವರು ನಾವೇ. ಆ ಮರ ಹೇಗೆ ಸಂತಾನ ಬೆಳೆಸುತ್ತದೆ ಎಂಬುದನ್ನು ತಿಳಿಯದೆ ಆಯ್ದಿದ್ದೆವು, ಅಷ್ಟೆ. ಕಳೆದುಕೊಂಡದ್ದು ಸಸಿಯ ಬೆಲೆಯಲ್ಲ, ಐದು ವರ್ಷದ ಆಯುಸ್ಸು. ಸಣ್ಣ ಹಿಡುವಳಿದಾರನಿಗೆ ಅದು ಸಣ್ಣ ನಷ್ಟವಲ್ಲ.

ಜೋಳದ ತೆನೆ ಮತ್ತು ಅರೇಬಿಕಾ ಗಿಡ

ಮರೋಳದ ಹೊಲದಲ್ಲಿ ಹಿಂಗಾರಿ ಬಿಳಿಜೋಳ ತೆನೆ ತುಂಬಿ ನಿಂತಿತ್ತು. ಅದು ಸೀತನಿಯ ಕಾಲ. ಹಾಲುಗಾಳಿನ ತೆನೆಯನ್ನು ಬದುವಿನ ಮೇಲೆಯೇ ಸುಟ್ಟು, ಉಜ್ಜಿ, ಬೆಲ್ಲ-ಶೇಂಗಾ ಚಟ್ನಿಯ ಜೊತೆ ಕೊಟ್ಟರು. ತಿನ್ನುತ್ತ ಕುಳಿತಾಗ ಬಿತ್ತನೆ ಬೀಜ ಎಲ್ಲಿಂದ ತರುತ್ತೀರಿ ಎಂದು ಹಿರಿಯ ರೈತರೊಬ್ಬರನ್ನು ಕೇಳಿದೆವು.

"ಜ್ವಾಳದ ಬೀಜಾ ಯಾಕ ತರಬೇಕ್ರೀ ಸರ? ಛಲೋ ತೆನಿ ನೋಡಿ ಆರಿಸಿ ತೆಗೆದಿಡ್ತೀವಿ. ನಮ್ಮಪ್ಪ ಬಿತ್ತಿದ್ದ ಜ್ವಾಳಾನ ನಾವೂ ಬಿತ್ತತೀವಿ" ಎಂದರು.

"ಹಾಗಾದರೆ ಸೂರ್ಯಕಾಂತಿ ಬೀಜ, ಯಜಮಾನ್ರೇ?"

"ಅದನ್ನ ಮಾತ್ರ ವರ್ಷಾ ಪ್ಯಾಕೇಟ ತರಬೇಕ್ರೀ. ಮನಿ ಬೀಜಾ ಹಾಕಿದ್ರ ಒಂದ ಗಿಡ ಮೊಳಕಾಲುದ್ದ, ಒಂದ ಆಳುದ್ದ."

ಈ ಎರಡು ಮಾತುಗಳಲ್ಲಿ ನಾವು ಐದು ವರ್ಷ ತೆತ್ತು ಕಲಿತ ಪಾಠವೆಲ್ಲ ಅಡಗಿತ್ತು. ಜೋಳದ ಒಂದೊಂದು ಹೂವಿನಲ್ಲೂ ಗಂಡು ಭಾಗ, ಹೆಣ್ಣು ಭಾಗ ಎರಡೂ ಇವೆ. ಬಹುಪಾಲು ಕಾಳು ತನ್ನದೇ ಪರಾಗದಿಂದ ಕಟ್ಟುತ್ತದೆ. ಪಕ್ಕದ ಗಿಡದ ಪರಾಗ ಬಂದು ಸೇರುವುದು ಅಲ್ಪ. ಆದ್ದರಿಂದ ತಾಯಿಯ ಗುಣವೇ ಮಗುವಿಗೆ ಬರುತ್ತದೆ. ತಲೆಮಾರುಗಳಿಂದ ಮನೆಯ ಬೀಜ ಬಿತ್ತಿದರೂ ತಳಿ ಕೆಡದಿರಲು ಇದೇ ಕಾರಣ.

ನಮ್ಮ ತೋಟದಲ್ಲಿ ಜೋಳದ ನೆಂಟನೆಂದರೆ ಅರೇಬಿಕಾ ಕಾಫಿ. ಅದರ ಹೂವೂ ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದ್ದರಿಂದಲೇ ಅರೇಬಿಕಾ ತಳಿಗಳನ್ನು ಇಂದಿಗೂ ಬೀಜದಿಂದ ಬೆಳೆಸುತ್ತೇವೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೆಂಟ್ ಎಂಬ ತೋಟಗಾರರು ತಮ್ಮ ತೋಟದಲ್ಲಿ ಎದ್ದು ಕಂಡ ಗಿಡವನ್ನು ಆಯ್ದು ಬೆಳೆಸಿದರು. ಅದೇ ಅವರ ಹೆಸರಿನ ಕೆಂಟ್ಸ್ ತಳಿಯಾಯಿತು. ಮುಂದೆ 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಅಲ್ಲಿನವರು ಎಸ್. 288 ಎಂಬ ತಳಿಯೊಡನೆ ಕೆಂಟ್ಸ್ ಅನ್ನು ಕೂಡಿಸಿ ಎಸ್. 795 ತಳಿಯನ್ನು ಹೊರತಂದರು. ನಮ್ಮ ಹಳೆಯ ಅರೇಬಿಕಾ ತೋಟಗಳಲ್ಲಿ ಇಂದಿಗೂ ಅದು ನಿಂತಿದೆ.

ಆದರೂ ಒಂದು ಎಚ್ಚರಿಕೆ ಬೇಕು. ಹೆಚ್ಚಾಗಿ ಎಂದೆವೇ ಹೊರತು ಪೂರ್ತಿಯಾಗಿ ಎನ್ನಲಿಲ್ಲ. ಹತ್ತರಲ್ಲಿ ಒಂದು ಪಾಲಿನಷ್ಟು ಬೀಜ ಬೇರೆ ಗಿಡದ ಪರಾಗದಿಂದ ಕಟ್ಟಬಹುದು. ನಾಲ್ಕು ತಳಿ ಬೆರೆತು ನಿಂತ ಪಟ್ಟೆಯ ಅಂಚಿನ ಗಿಡದಿಂದ ಬೀಜ ತೆಗೆದರೆ ಬೆರಕೆ ಬಂದೇ ಬರುತ್ತದೆ. ಒಂದೇ ತಳಿಯ ಪಟ್ಟೆಯ ನಡುವಿನ, ಹಲವು ವರ್ಷ ಸಮನಾಗಿ ಫಸಲು ಕೊಟ್ಟ ಗಿಡಗಳನ್ನೇ ಗುರುತು ಹಾಕಿಕೊಳ್ಳಬೇಕು.

ತನ್ನಲ್ಲಿಯೇ ಸಂತಾನ ಪಡೆಯುವ ಕ್ರಮಕ್ಕೆ ಒಂದು ದೌರ್ಬಲ್ಯವೂ ಉಂಟು. ಹೊಸ ಗುಣ ಹೊರಗಿನಿಂದ ಬರುವುದಿಲ್ಲ. ಎಲೆ ತುಕ್ಕು ರೋಗ ಅರೇಬಿಕಾವನ್ನು ಹಿಂಡಿದಾಗ ತಡೆಯುವ ಶಕ್ತಿಯನ್ನು ಹೊರಗಿನಿಂದ ತರಬೇಕಾಯಿತು. ಅದು ಸಿಕ್ಕಿದ್ದು ತಿಮೋರ್ ದ್ವೀಪದಲ್ಲಿ. ಅಲ್ಲಿ ಅರೇಬಿಕಾ ಮತ್ತು ರೋಬಸ್ಟಾ ತಾವಾಗಿಯೇ ಕೂಡಿ ಒಂದು ಗಿಡ ಹುಟ್ಟಿತ್ತು. ನಮ್ಮ ಕಾವೇರಿ ಮತ್ತು ಚಂದ್ರಗಿರಿ ತಳಿಗಳ ವಂಶದಲ್ಲಿ ಆ ಗಿಡದ ರಕ್ತವಿದೆ. ಅರೇಬಿಕಾ ಎಂಬ ಜಾತಿಯೇ ಬಹಳ ಹಿಂದೆ ಇಂಥ ಒಂದು ಕೂಡಿಕೆಯಿಂದ ಹುಟ್ಟಿದ್ದು. ಅದರ ಹೆತ್ತವರಲ್ಲಿ ರೋಬಸ್ಟಾವೂ ಒಂದು. ರೋಬಸ್ಟಾದಲ್ಲಿ ವರ್ಣತಂತುಗಳು 22, ಅರೇಬಿಕಾದಲ್ಲಿ ಅದರ ಇಮ್ಮಡಿ, 44.

ಸೂರ್ಯಕಾಂತಿ, ರೋಬಸ್ಟಾ, ಅಡಿಕೆ

ಇನ್ನು ಸೂರ್ಯಕಾಂತಿ. ನಾವು ಒಂದು ಹೂ ಎನ್ನುವುದು ನೂರಾರು ಪುಟ್ಟ ಹೂಗಳ ಒಂದು ತಟ್ಟೆ. ಅವು ಅಂಚಿನಿಂದ ನಡುವಿನ ಕಡೆಗೆ ಸುತ್ತುಸುತ್ತಾಗಿ ಅರಳುತ್ತವೆ. ಪ್ರತಿ ಪುಟ್ಟ ಹೂವಿನಲ್ಲೂ ಮೊದಲು ಪರಾಗ ಹೊರಬರುತ್ತದೆ, ಹೆಣ್ಣು ಭಾಗ ಸಿದ್ಧವಾಗುವುದು ಅದರ ನಂತರ. ತನ್ನ ಪರಾಗ ತನಗೇ ದಕ್ಕದಂತೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಹಾಗಾಗಿ ಬೇರೆ ಗಿಡದಿಂದ ಪರಾಗ ತರಲು ಜೇನುಹುಳ ಬೇಕೇ ಬೇಕು. ಜೇನು ಬಾರದ ಹೊಲದಲ್ಲಿ ತಟ್ಟೆ ದೊಡ್ಡದಿದ್ದರೂ ಒಳಗೆ ಜೊಳ್ಳು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವು 1980ರಲ್ಲಿ ದೇಶದ ಮೊದಲ ಸಂಕರ ಸೂರ್ಯಕಾಂತಿಯಾದ ಬಿ.ಎಸ್.ಎಚ್.-1 ಅನ್ನು ಬಿಡುಗಡೆ ಮಾಡಿತು. ಸಂಕರ ಎಂದರೆ ಬೇರೆ ಬೇರೆ ಗುಣದ ಎರಡು ಶುದ್ಧ ಸಾಲುಗಳನ್ನು ಕೂಡಿಸಿ ಪಡೆದ ಮೊದಲ ತಲೆಮಾರು. ಆ ತಲೆಮಾರಿನ ಗಿಡಗಳೆಲ್ಲ ಒಂದೇ ಸಮ, ಇಳುವರಿಯೂ ಹೆಚ್ಚು. ಆದರೆ ಅವುಗಳ ಬೀಜ ಬಿತ್ತಿದರೆ ಅಜ್ಜ-ಅಜ್ಜಿಯರ ಗುಣಗಳು ಚದುರಿ ಒಂದೊಂದು ಗಿಡಕ್ಕೆ ಒಂದೊಂದು ಬಗೆಯಾಗಿ ಹಂಚಿಹೋಗುತ್ತವೆ. ಮರೋಳದ ಹಿರಿಯರು ಹೇಳಿದ ಮೊಳಕಾಲುದ್ದ-ಆಳುದ್ದದ ಗುಟ್ಟು ಇದೇ. ನಮ್ಮ ಇನ್ನೂರು ಅಡಿಕೆ ಸಸಿಗಳ ಕಥೆಯೂ ಇದೇ.

ಸೂರ್ಯಕಾಂತಿಗೆ ನಮ್ಮಲ್ಲಿ ಇಬ್ಬರು ನೆಂಟರು. ಮೊದಲನೆಯದು ರೋಬಸ್ಟಾ. ರೋಬಸ್ಟಾ ಹೂವಿನ ಮೇಲೆ ಅದೇ ಗಿಡದ ಪರಾಗ ಬಿದ್ದರೂ ಕಾಯಿ ಕಟ್ಟದು. ಬೇರೊಂದು ಗಿಡದ, ಅದರಲ್ಲೂ ಹೊಂದಿಕೆಯಾಗುವ ಗಿಡದ ಪರಾಗವೇ ಬರಬೇಕು. ಗಾಳಿ ಸ್ವಲ್ಪ ಪರಾಗ ತರುತ್ತದೆ. ಹೆಜ್ಜೇನು, ತುಡುವೆ ಜೇನು, ನಸರು ಜೇನು ಉಳಿದ ಕೆಲಸ ಮಾಡುತ್ತವೆ. ಕೊಡಗಿನ ರೋಬಸ್ಟಾ ತೋಟಗಳಲ್ಲಿ ಹೂವಿಗೆ ಬರುವ ಜೇನುಗಳನ್ನು ಎಣಿಸಿ ನೋಡಿದ ಸಂಶೋಧಕರು ಈ ಮೂರನ್ನೇ ಮುಖ್ಯವೆಂದು ಗುರುತಿಸಿದ್ದಾರೆ.

ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು-ಮೂರು ದಿನದಲ್ಲಿ ಹೂ ಬಾಡುತ್ತದೆ. ವರ್ಷದ ಫಸಲು ತೀರ್ಮಾನವಾಗುವುದು ಆ ಎರಡು-ಮೂರು ದಿನಗಳಲ್ಲಿ. ಆಗ ತೋಟದಲ್ಲಿ ಕೀಟನಾಶಕ ಸಿಂಪಡಿಸುವವನು ತನ್ನ ಕಾಯಿಯನ್ನು ತಾನೇ ಉದುರಿಸಿದಂತೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನು ಕುಟುಂಬಗಳು ಬಹುಪಾಲು ನಾಶವಾದವು. ಪೆಟ್ಟಿಗೆಗಳು ಖಾಲಿಯಾಗಿ ಅಟ್ಟ ಸೇರಿದ್ದನ್ನು ಹಳಬರು ಮರೆತಿರಲಾರರು. ಜೇನನ್ನು ತುಪ್ಪಕ್ಕಾಗಿ ಮಾತ್ರ ಸಾಕಬೇಕೆಂದಿಲ್ಲ. ತೋಟದ ಅಂಚಿನ ಹೂಮರಗಳನ್ನೂ ಹೆಜ್ಜೇನು ಕಟ್ಟುವ ದೊಡ್ಡ ಮರಗಳನ್ನೂ ಉಳಿಸಿಕೊಳ್ಳುವುದು ಫಸಲಿನ ಲೆಕ್ಕಕ್ಕೇ ಸೇರಿದ್ದು.

ಎರಡನೆಯ ನೆಂಟ ಅಡಿಕೆ. ಹಾಳೆ ಉದುರಿ ಸಿಂಗಾರ ಬಿಚ್ಚಿದಾಗ ಸೂಕ್ಷ್ಮವಾಗಿ ನೋಡಿ. ಎಳೆಗಳ ಉದ್ದಕ್ಕೂ ಅಕ್ಕಿಕಾಳಿನಂಥ ಸಾವಿರಾರು ಗಂಡು ಹೂ, ಎಳೆಗಳ ಬುಡದಲ್ಲಿ ಎಣಿಸುವಷ್ಟೇ ಹೆಣ್ಣು ಹೂ. ಗಂಡು ಹೂಗಳು ಮೊದಲು ಅರಳುತ್ತವೆ, ಎರಡರಿಂದ ನಾಲ್ಕು ವಾರ ಅರಳಿ ಉದುರುತ್ತಲೇ ಇರುತ್ತವೆ. ಅವೆಲ್ಲ ಮುಗಿದ ಮೇಲೆ ಹೆಣ್ಣು ಹೂಗಳ ಸರದಿ, ಅದು ಕೆಲವೇ ದಿನ. ಒಂದೇ ಸಿಂಗಾರದ ಗಂಡು-ಹೆಣ್ಣುಗಳಿಗೆ ಭೇಟಿಯೇ ಇಲ್ಲ. ಹೆಣ್ಣು ಹೂವಿಗೆ ಬೇರೆ ಮರದ ಪರಾಗ ಮುಖ್ಯವಾಗಿ ಗಾಳಿಯಲ್ಲಿ ತೇಲಿ ಬರಬೇಕು. ಅಂದರೆ ನಾವು ಎಷ್ಟೇ ಒಳ್ಳೆಯ ತಾಯಿಮರ ಹುಡುಕಿದರೂ ತಂದೆಮರ ಯಾವುದೆಂದು ತಿಳಿಯದು.

ಹೀಗಿರುವಲ್ಲಿ ಬೀಜದಡಿಕೆ ಆರಿಸುವಾಗ ಒಂದೇ ಮರವನ್ನು ನೋಡಿದರೆ ಸಾಲದು, ಸುತ್ತಲಿನ ತೋಟವನ್ನೂ ನೋಡಬೇಕು. ತಾಯಿ ಚೆನ್ನಾಗಿದ್ದು ಸುತ್ತ ಕಳಪೆ ಮರಗಳಿದ್ದರೆ ಸಸಿಗಳಲ್ಲಿ ಅರ್ಧ ಗುಣ ಅವುಗಳದ್ದೇ. 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯನ್ನು ನೆಟ್ಟವರಿಗೂ ಇದೇ ಮಾತು ಅನ್ವಯಿಸುತ್ತದೆ. ನಾಟಿ ಅಡಿಕೆಯ ನಡುವೆ ನಿಂತ ಮಂಗಳದ ಬೀಜ ಶುದ್ಧ ಮಂಗಳವಲ್ಲ. ವಿಟ್ಲದ ಸಂಶೋಧನಾ ಕೇಂದ್ರದವರು ಹೊರತಂದ ಗಿಡ್ಡ ಸಂಕರಗಳು ಹೀರೇಹಳ್ಳಿ ಗಿಡ್ಡ ಅಡಿಕೆಯನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ಪಡೆದವು. ಅವು ಕೈಯಿಂದ ಪರಾಗ ಹಚ್ಚಿ ಪಡೆದ ಮೊದಲ ತಲೆಮಾರು. ಸಂಕರದ ಸಸಿ ಬೇಕಾದರೆ ಅಲ್ಲಿಂದಲೇ ತರಬೇಕು. ನೆರೆಮನೆಯ ಸಂಕರ ಮರದ ಹಣ್ಣಡಿಕೆ ಸುಲಿದು ಮಾರಲು ಯೋಗ್ಯ, ಬೀಜಕ್ಕೆ ಯೋಗ್ಯವಲ್ಲ.

ದಾಳಿಂಬೆಯ ಗೂಟಿ ಮತ್ತು ಮೆಣಸಿನ ಬಳ್ಳಿ

ಮರುದಿನ ಇಳಕಲ್ಲಿನ ದಾರಿಯಲ್ಲಿ ಒಂದು ದಾಳಿಂಬೆ ತೋಟಕ್ಕೆ ಇಳಿದೆವು. ಗಿಡಗಳ ಎಲೆಯುದುರಿಸಿ, ನೀರು ನಿಲ್ಲಿಸಿ, ಮತ್ತೆ ನೀರು ಬಿಟ್ಟಿದ್ದರು. ಕೆಂಪು ಮೊಗ್ಗುಗಳು ಆಗಷ್ಟೇ ಬಂದಿದ್ದವು. ಬರದಲ್ಲಿ ಒಣಗಿಸಿ ನೀರು ಕೊಟ್ಟರೆ ಹೂ ಬರುತ್ತದೆಂಬ ಆ ಕ್ರಮ ನಮ್ಮ ಕಾಫಿಯ ಹೂಮಳೆಯನ್ನೇ ನೆನಪಿಗೆ ತಂದಿತು. ದಾಳಿಂಬೆಯಲ್ಲಿ ಎರಡು ಬಗೆಯ ಹೂ. ಗಂಟೆಯ ಆಕಾರದ್ದು ಗಂಡು, ಅದು ಉದುರಿಹೋಗುತ್ತದೆ. ಬುಡ ದಪ್ಪಗಿರುವ ಹೂಜಿಯ ಆಕಾರದ್ದು ಕಾಯಿಯಾಗುತ್ತದೆ. ಹೂ ಉದುರಿತೆಂದು ಹೊಸಬರು ಗಾಬರಿಯಾಗಿ ಔಷಧಿ ಹೊಡೆಯುವುದುಂಟಂತೆ, ಉದುರಲೇಬೇಕಾದ ಹೂವಿಗೆ ಔಷಧಿ ಯಾತಕ್ಕೆ?

ಆದರೆ ದಾಳಿಂಬೆ ಸಸಿಯನ್ನು ಬೀಜದಿಂದ ಮಾಡುವುದಿಲ್ಲ. ಕೊಂಬೆಯ ತೊಗಟೆಯನ್ನು ಉಂಗುರದಂತೆ ಬಿಡಿಸಿ, ಹಸಿ ಪಾಚಿ ಸುತ್ತಿ, ಬೇರು ಬರಿಸಿ ಕತ್ತರಿಸುತ್ತಾರೆ. ಇದೇ ಗೂಟಿ. ಇಲ್ಲಿ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಅದೇ ಗಿಡ ಇನ್ನೊಂದು ಕಡೆ ಮುಂದುವರಿಯುತ್ತದೆ. ಗುಣ ಒಂದಿಷ್ಟೂ ಬದಲಾಗದು. ಪುಣೆಯಲ್ಲಿ ಆಳಂದಿ ದಾಳಿಂಬೆಯ ಬೀಜದ ಸಸಿಗಳಿಂದ ಒಂದನ್ನು ಆಯ್ದು ಗಣೇಶ್ ತಳಿ ಮಾಡಿದರು. ಮುಂದೆ ರಾಹುರಿಯ ಕೃಷಿ ವಿದ್ಯಾಪೀಠದಲ್ಲಿ ಗಣೇಶ್ ಮತ್ತು ಗುಲ್-ಎ-ಶಾ ರೆಡ್ ಕೂಡಿಸಿ ಬಂದ ಸಸಿಗಳಿಂದ ಭಗವಾ ತಳಿ ಬಂತು. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಹೊಸ ತಳಿ ಹುಟ್ಟಿದ್ದು ಬೀಜದಿಂದ, ಅದು ಉಳಿದು ಹರಡಿದ್ದು ಗೂಟಿಯಿಂದ.

ಗೂಟಿಯ ಜೊತೆ ಗುಣ ಮಾತ್ರವಲ್ಲ, ರೋಗವೂ ಬರುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ದುಂಡಾಣು ಅಂಗಮಾರಿ ರೋಗ ಬಾಗಲಕೋಟೆ, ವಿಜಯಪುರ, ಕೊಪ್ಪಳ ಸೀಮೆಯ ದಾಳಿಂಬೆ ತೋಟಗಳನ್ನು ಹಾಳುಮಾಡಿತು. ಎಲೆ, ಕಾಂಡ, ಕಾಯಿ ಎಲ್ಲಕ್ಕೂ ಚುಕ್ಕೆ, ಕೊನೆಗೆ ಕಾಯಿ ಸೀಳುತ್ತದೆ. ಮಳೆಹನಿ, ಕತ್ತರಿ ಮತ್ತು ರೋಗದ ತೋಟದಿಂದ ತಂದ ಸಸಿ ಇವೇ ಅದರ ವಾಹನ. ಆ ತೋಟದವರೂ ಒಮ್ಮೆ ಇಡೀ ತೋಟ ಕಿತ್ತು ಸುಟ್ಟವರು.

"ಎಲ್ಲಾ ಒಂದ ಗಿಡದ ಮಕ್ಕಳ್ರೀ ಸರ. ಒಂದಕ್ಕ ಬ್ಯಾನಿ ಬಂತಂದ್ರ ಎಲ್ಲಾದಕ್ಕೂ ಬಂತು. ಎದುರು ನಿಂದ್ರೋ ಗಿಡಾ ಒಂದೂ ಇರಲಿಲ್ಲ" ಎಂದರು. ಈ ಸಾರಿ ಸಸಿ ತರುವ ಮುನ್ನ ತಾಯಿ ತೋಟವನ್ನೇ ಹೋಗಿ ನೋಡಿಬಂದಿದ್ದಾಗಿ ಹೇಳಿದರು.

ನಮ್ಮ ತೋಟದಲ್ಲಿ ದಾಳಿಂಬೆಯ ನೆಂಟ ಕಾಳುಮೆಣಸು. ಕಾಡಿನ ಮೆಣಸಿನಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ನಾವು ಬೆಳೆಯುವವು ಹೆಚ್ಚಾಗಿ ಗಂಡು-ಹೆಣ್ಣು ಎರಡೂ ಒಂದೇ ಹೂವಿನಲ್ಲಿರುವ ತಳಿಗಳು. ಮಳೆಹನಿ ಗೆರೆಯ ಮೇಲಿಂದ ಕೆಳಗಿಳಿಯುವಾಗ ಪರಾಗವನ್ನು ಹರಡುತ್ತದೆ. ಗೆರೆ ಬಿಡುವ ಕಾಲದಲ್ಲಿ ಮಳೆ ಕೈಕೊಟ್ಟರೆ ಕಾಳು ವಿರಳವಾಗಲು ಇದೂ ಒಂದು ಕಾರಣ. 1971ರಲ್ಲಿ ಬಿಡುಗಡೆಯಾದ ಪಣಿಯೂರು-1 ಎರಡು ತಳಿಗಳನ್ನು ಕೂಡಿಸಿ ಪಡೆದ ಸಂಕರ. ಆದರೂ ಅದನ್ನು ವರ್ಷವರ್ಷ ಕೊಳ್ಳಬೇಕಿಲ್ಲ, ಬಳ್ಳಿ ತುಂಡಿನಿಂದಲೇ ಬೆಳೆಸುವುದರಿಂದ ಗುಣ ಚದುರದು. ಬುಡದಿಂದ ಹರಿಯುವ ಹಬ್ಬು ಬಳ್ಳಿ ನೆಟ್ಟರೆ ಮರ ಹತ್ತುತ್ತದೆ, ಫಲ ಬಿಡುವ ಅಡ್ಡರೆಂಬೆ ನೆಟ್ಟರೆ ಪೊದೆ ಮೆಣಸಾಗುತ್ತದೆ. ಕಾಫಿಯಲ್ಲೂ ಹಾಗೆಯೇ, ನೆಟ್ಟಗೆ ಮೇಲೇಳುವ ಚಿಗುರಿನ ಕಡ್ಡಿಯೇ ಬೇಕು, ಅಡ್ಡರೆಕ್ಕೆಯ ಕಡ್ಡಿ ನೆಟ್ಟರೆ ಗಿಡ ನೆಲಬಿಟ್ಟು ಏಳದು.

ಸೊರಗು ರೋಗ ಬಂದ ತೋಟದ ಹಬ್ಬು ಬಳ್ಳಿಯನ್ನು ಪುಕ್ಕಟೆ ಸಿಕ್ಕಿತೆಂದು ತಂದು ನೆಡುವವರು ರೋಗವನ್ನೂ ಪುಕ್ಕಟೆಯಾಗಿ ತಂದಂತೆ. ರೋಬಸ್ಟಾದಲ್ಲಿ ಸಿ.ಎಕ್ಸ್.ಆರ್. ಗಿಡದ ಕಡ್ಡಿ ನೆಡುವವರಿಗೆ, ಕಸಿ ಕಟ್ಟುವವರಿಗೆ ಇನ್ನೊಂದು ಮಾತು. ತಾಯಿಗಿಡ ಎಷ್ಟೇ ಚೆನ್ನಾಗಿರಲಿ, ಇಡೀ ಪಟ್ಟೆಗೆ ಒಂದೇ ಗಿಡದ ಕಡ್ಡಿ ಹಾಕಬೇಡಿ. ಮೇಲೆ ಹೇಳಿದಂತೆ ರೋಬಸ್ಟಾಗೆ ತನ್ನ ಪರಾಗ ಒಲ್ಲದು, ಒಂದೇ ಗಿಡದ ನೂರು ಕಡ್ಡಿಗಳೂ ಒಂದೇ ಗಿಡ. ಹೂ ಬೆಳ್ಳಗೆ ಅರಳಿ, ಜೇನು ಮುತ್ತಿದರೂ ಕಾಯಿ ನಿಲ್ಲದು. ಹಲವು ಒಳ್ಳೆಯ ತಾಯಿಗಿಡಗಳ ಕಡ್ಡಿ ಬೆರೆಸಿ ನೆಡಬೇಕು.

ಅಡಿಕೆಗೆ ಕಡ್ಡಿಯೂ ಇಲ್ಲ, ಕಸಿಯೂ ಇಲ್ಲ, ಮರ ಒಂಟಿ ಸುಳಿಯದು. ಎಳೆಯ ಸಿಂಗಾರದ ಅಂಗಾಂಶದಿಂದ ಸಸಿ ಬೆಳೆಸುವ ಕ್ರಮವನ್ನು ವಿಟ್ಲದ ವಿಜ್ಞಾನಿಗಳು ರೂಪಿಸಿದ್ದಾರೆ. ಹಳದಿ ಎಲೆ ರೋಗದಲ್ಲಿ ಸುತ್ತಲಿನ ಮರಗಳೆಲ್ಲ ಸೊರಗಿದಾಗಲೂ ಹಸಿರಾಗಿ ನಿಂತ ಒಂದೆರಡು ಮರಗಳನ್ನು ಹುಡುಕಿ, ಅವುಗಳ ಸಂತಾನ ಬೆಳೆಸುವ ಕೆಲಸವೂ ಅವರಿಂದ ನಡೆದಿದೆ. ಅಂಥ ಮರ ಇದ್ದದ್ದಾದರೂ ಹೇಗೆ? ಅಡಿಕೆ ಬೀಜದಿಂದ ಬೆಳೆದ, ಒಂದರಂತೆ ಒಂದಿಲ್ಲದ ಬೆಳೆಯಾದ್ದರಿಂದ. ನಮ್ಮ ಇನ್ನೂರು ಸಸಿಗಳಲ್ಲಿ ನಮಗೆ ಶಾಪವಾದ ಆ ವೈವಿಧ್ಯವೇ ರೋಗದ ಎದುರು ವರವಾದೀತು.

ಕೊಟ್ಟಿಗೆಯ ಮಾತು

ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಎರೆಭೂಮಿಯ ದೊಡ್ಡ ಮೈಕಟ್ಟಿನ ದನವೆಂದರೆ ಕೃಷ್ಣಾತೀರದ ತಳಿ. ಗೀರ್, ಓಂಗೋಲ್, ಕಾಂಕ್ರೇಜ್ ಮೊದಲಾದ ದನಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿ, ಕರಿ ಎರೆಯಲ್ಲಿ ನೇಗಿಲೆಳೆಯಲು 19ನೆಯ ಶತಮಾನದಲ್ಲಿ ರೂಪಿಸಿದ್ದು. ಟ್ರ್ಯಾಕ್ಟರು ಬಂದ ಮೇಲೆ ಅದರ ಸಂಖ್ಯೆ ಬಹಳ ಇಳಿದಿದೆ. ನಾವು ಅಡ್ಡಾಡಿದ ಎರಡು ದಿನವೂ ಒಂದೂ ಕಣ್ಣಿಗೆ ಬೀಳಲಿಲ್ಲ.

ಪ್ರಾಣಿಗಳಲ್ಲಿ ಕಡ್ಡಿ ನೆಡುವ ದಾರಿಯಿಲ್ಲ. ಒಳ್ಳೆಯ ಹಸುವಿನ ಕರುವೂ ಅರ್ಧ ಗುಣವನ್ನು ತಂದೆಯಿಂದಲೇ ಪಡೆಯಬೇಕು. ಹೋರಿಯಿಂದ ಒಮ್ಮೆ ಪಡೆದ ವೀರ್ಯವನ್ನು ಹೆಪ್ಪುಗಟ್ಟಿಸಿ ನೂರಾರು ಕಡ್ಡಿಗಳಲ್ಲಿ ತುಂಬುತ್ತಾರೆ, ಹಾಗಾಗಿ ಒಂದು ಹೋರಿ ಹಲವು ಊರುಗಳ ಕರುಗಳಿಗೆ ತಂದೆಯಾಗಬಹುದು. ಅನುಕೂಲ ದೊಡ್ಡದು, ಅಪಾಯವೂ ಅದರಲ್ಲೇ ಇದೆ. ತಂದೆಯ ವೀರ್ಯವೇ ಮಗಳಿಗೂ ಬಂದರೆ ಕರು ಬಡಕಲಾಗುತ್ತದೆ, ಹುಟ್ಟು ದೋಷಗಳು ಕಾಣಿಸಿಕೊಳ್ಳುತ್ತವೆ. ಹೋರಿಯ ಸಂಖ್ಯೆಯನ್ನು ಕೇಳಿ ಗೋಡೆಯ ಮೇಲಾದರೂ ಬರೆದಿಡಿ. ಎರಡನೆಯ ತಲೆಮಾರಿಗೆ ಬೇರೆ ಸಂಖ್ಯೆಯದೇ ಬೇಕೆಂದು ಕೇಳಿ ಪಡೆಯಿರಿ.

ಶತ್ರುವಿನ ಸಂಸಾರ

ಸಂತಾನದ ಕ್ರಮ ತಿಳಿದರೆ ಬೆಳೆಸುವುದಕ್ಕಷ್ಟೇ ಅಲ್ಲ, ಅಳಿಸುವುದಕ್ಕೂ ಉಪಯೋಗ. ಕಾಫಿ ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅದರ ಹೆಣ್ಣು ಕಾಯಿಯ ಹೊಕ್ಕುಳಲ್ಲಿ ರಂಧ್ರ ಕೊರೆದು ಒಳಗೇ ಮೊಟ್ಟೆಯಿಡುತ್ತದೆ. ಹುಟ್ಟುವ ಮರಿಗಳಲ್ಲಿ ಹೆಣ್ಣೇ ಹೆಚ್ಚು, ಗಂಡು ಬೆರಳೆಣಿಕೆ. ಗಂಡಿಗೆ ಹಾರಲು ಬಾರದು, ಹುಟ್ಟಿದ ಕಾಯಿಯಲ್ಲೇ ಒಡಹುಟ್ಟಿದ ಹೆಣ್ಣುಗಳೊಡನೆ ಕೂಡಿ ಅಲ್ಲೇ ಸಾಯುತ್ತದೆ. ಕಾಯಿಯಿಂದ ಹೊರಬೀಳುವ ಪ್ರತಿ ಹೆಣ್ಣೂ ಬಸುರಿಯಾಗಿಯೇ ಬರುತ್ತದೆ. ಗಿಡದಲ್ಲಿ, ನೆಲದಲ್ಲಿ ಬಿಟ್ಟ ಒಂದೊಂದು ಕಾಯಿಯೂ ಮುಂದಿನ ವರ್ಷದ ಬೀಜ ಎಂಬುದು ಇದರಿಂದ ತಿಳಿಯುತ್ತದೆ. ಕೊಯ್ಲಿನ ಕೊನೆಯಲ್ಲಿ ಹೆಕ್ಕುವ ಕೆಲಸಕ್ಕೆ ಕೂಲಿ ದಂಡವೆಂದು ಬಿಡಬಾರದು.

ಅರೇಬಿಕಾದ ಬಿಳಿ ಕಾಂಡಕೊರಕದ ಸಂಸಾರ ಬೇರೆ ಬಗೆ. ಇಲ್ಲಿ ಗಂಡು ಒಂದು ವಾಸನೆ ಬಿಟ್ಟು ಹೆಣ್ಣನ್ನು ಕರೆಯುತ್ತದೆ. ಕೂಡಿದ ಹೆಣ್ಣು ಕಾಂಡದ, ದಪ್ಪ ರೆಕ್ಕೆಗಳ ತೊಗಟೆ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ವಿಜ್ಞಾನಿಗಳು ಆ ವಾಸನೆಯನ್ನೇ ತಯಾರಿಸಿ ಬಲೆಯಲ್ಲಿಟ್ಟು ಹೆಣ್ಣನ್ನು ಮೋಸಗೊಳಿಸುತ್ತಾರೆ. ದುಂಬಿ ಹಾರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್. ಬಲೆಯಾಗಲಿ, ಕಾಂಡ ಉಜ್ಜಿ ಬಿರುಕು ತೆಗೆಯುವುದಾಗಲಿ, ಅದಕ್ಕೆ ಮುಂಚೆ ಆಗಬೇಕು.

ಕೊನೆಯ ಮಾತು

ಸಸಿ ಕೊಳ್ಳುವ ಮೊದಲು, ಬೀಜ ಆಯುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಗಿಡ ತನ್ನಿಂದ ತಾನೇ ಸಂತಾನ ಪಡೆಯುತ್ತದೆಯೋ, ಪರರಿಂದಲೋ, ಕಡ್ಡಿಯಿಂದಲೋ? ತನ್ನಿಂದಲೇ ಎಂದಾದರೆ ಒಳ್ಳೆಯ ಗಿಡದ ಬೀಜ ಸಾಕು. ಪರರಿಂದ ಎಂದಾದರೆ ತಾಯಿಯ ಜೊತೆ ಸುತ್ತಲಿನ ತೋಟವನ್ನೂ ನೋಡಿ, ಸಂಕರವಾದರೆ ಮನೆಯ ಬೀಜ ಬೇಡ. ಕಡ್ಡಿಯಿಂದ ಎಂದಾದರೆ ತಾಯಿತೋಟದ ಆರೋಗ್ಯ ನೋಡಿ, ಒಂದೇ ತಾಯಿಯ ಮೇಲೆ ಭಾರ ಹಾಕಬೇಡಿ.

ಅಡಿಕೆಯ ಬೀಜಕ್ಕೆ ಹತ್ತು ವರ್ಷ ದಾಟಿದ, ಬೇಗ ಫಲಕ್ಕೆ ಬಂದ, ಎಲೆ ತುಂಬಿದ, ಗಣ್ಣು ಹತ್ತಿರವಿರುವ, ಕಾಯಿ ಚೆನ್ನಾಗಿ ಕಚ್ಚುವ ಮರವನ್ನು ಸಮನಾದ ಒಳ್ಳೆಯ ತೋಟದ ನಡುವೆ ಹುಡುಕಿ. ಪೂರ್ತಿ ಹಣ್ಣಾದ ತೂಕದ ಅಡಿಕೆಯನ್ನು ನೀರಿಗೆ ಹಾಕಿ. ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನು ಆರಿಸಿ, ತೊಟ್ಟು ಮೇಲೆ ಮಾಡಿಯೇ ಊರಿ. ಪಾತಿಯಲ್ಲಿ ಸೊರಗಿದ ಸಸಿಯನ್ನು ಅಯ್ಯೋ ಪಾಪ ಎಂದು ಉಳಿಸಿಕೊಳ್ಳಬೇಡಿ. ವರ್ಷದಿಂದ ಒಂದೂವರೆ ವರ್ಷದ, ಐದು ಎಲೆಗೆ ಕಡಿಮೆಯಿಲ್ಲದ ಸಸಿಯನ್ನೇ ನೆಡಿ.

ನಾವು ಊರಿಗೆ ಮರಳಿದ ಮೇಲೆ ಆ ಇನ್ನೂರು ಮರಗಳಿಗೂ ಒಂದೊಂದು ಸಂಖ್ಯೆ ಬರೆದೆವು. ಕಾಯಿ ಕಚ್ಚದವುಗಳ ಪಕ್ಕದಲ್ಲಿ ಈ ಮಳೆಗಾಲಕ್ಕೆ ಆಯ್ದ ಬೀಜದ ಸಸಿ ನೆಡುತ್ತೇವೆ. ಅವು ಸಿಂಗಾರ ಬಿಚ್ಚಿದ ಮೇಲೆ ಹಳೆಯದನ್ನು ಕಡಿಯುವುದೆಂದು ತೀರ್ಮಾನ. ಇನ್ನೂ ಐದು ವರ್ಷ ಕಾಯಬೇಕು. ನಮ್ಮ ಹಾಗೆ ಕಾಯುವ ಸ್ಥಿತಿ ಬೇರೆ ಸದಸ್ಯರಿಗೆ ಬರಬಾರದೆಂದೇ ಇಷ್ಟನ್ನು ಬರೆದೆವು. ಬೀಜದ ಬಗ್ಗೆ ತಮ್ಮ ತೋಟದ ಅನುಭವವನ್ನು, ಅದು ಸೋಲಿನದಾದರೂ ಸರಿ, ಸದಸ್ಯರು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.